ಸುರುಳಿ ಸುಗಂಧಿಯ ಆರೈಕೆ ಬೇಸಿಗೆಯಲ್ಲಿ

ಸುರುಳಿ ಸುಗಂಧಿ ತಂದು ನೆಟ್ಟವರು ಮಳೆಗಾಲದಲ್ಲಿ ಅದರ ಸುತ್ತ ಓಡಾಡೋದೇ ಓಡಾಡೋದು. ಬುಡ ಕೆದಕೋದೇನು, ಗೊಬ್ಬರ ಸುರಿಯೋದೇನು! ನಮ್ಮ ಕೊಡಗಿನ ಜಡಿಮಳೆಯಲ್ಲಿ ಆ ಗಿಡಕ್ಕೆ ಯಾರ ಹಂಗೂ ಇಲ್ಲ. ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ, ಗದ್ದೆಯ ಅಂಚಿನಲ್ಲಿ ಯಾರೂ ನೆಡದೆ ಆಳೆತ್ತರ ಬೆಳೆದು ನಿಂತಿರುವುದನ್ನು ನೀವೂ ನೋಡಿರುತ್ತೀರಿ. ನಮ್ಮ ಕೆಲಸ ಏನಿದ್ದರೂ ಜನವರಿಯಿಂದ ಕಾಫಿಯ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ, ಬೀಳುವ ತನಕ. ಆಗ ಬುಡ ಒಣಗಿ ಬಿರುಕು ಬಿಟ್ಟರೆ ಗಡ್ಡೆ ಸಾಯದೇ ಇರಬಹುದು. ಆದರೆ ಮುಂದಿನ ಮಳೆಗಾಲಕ್ಕೆ ಗಿಡ ಗಿಡ್ಡ, ಹೂವೂ ಕಮ್ಮಿ.

ಇದು ಶುಂಠಿ, ಅರಿಸಿನ, ಏಲಕ್ಕಿಯ ಬಳಗದ ಗಿಡ. ಎಲೆ ಉಜ್ಜಿ ಮೂಸಿದರೆ ನಿಮಗೇ ಗೊತ್ತಾಗುತ್ತದೆ. ಆದರೆ ಶುಂಠಿಯ ಲೆಕ್ಕ ಇದಕ್ಕೆ ಹಾಕಬೇಡಿ. ಶುಂಠಿಯ ಪಾತಿಯಲ್ಲಿ ನೀರು ನಿಂತರೆ ಗಡ್ಡೆ ಕೊಳೆತು ಬೆಳೆಯೇ ಕೈಬಿಡುತ್ತದೆ. ಇದಕ್ಕೆ ಮಾತ್ರ ಜೌಗು ಜಾಗವೇ ಇಷ್ಟ. ಮನೆಯ ಹಿಂದೆ ಬೇರೇನೂ ಏಳದ ಒದ್ದೆ ಮೂಲೆ ಒಂದಿರುತ್ತದಲ್ವಾ, ಅದನ್ನೇ ಇದಕ್ಕೆ ಕೊಡಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾದರೆ ಒಳ್ಳೆಯದು. ತೀರಾ ಕತ್ತಲಲ್ಲಿ ಬರೀ ಎಲೆಯೇ. ಸೂರಿನ ನೀರು ಬೀಳುವ ಸಾಲಿನಲ್ಲೇ ನೆಡಬೇಡಿ. ಧಾರೆ ಬಿದ್ದು ಬಿದ್ದು ಮಣ್ಣು ಕೊಚ್ಚಿಹೋಗಿ ಗಡ್ಡೆ ಹೊರಗೆ ಕಾಣುತ್ತದೆ. ಒಂದು ಮೊಳ ಆಚೆ ನೆಟ್ಟರೆ ನೀರೂ ಸಿಗುತ್ತದೆ, ಮಣ್ಣೂ ಉಳಿಯುತ್ತದೆ.

ಮೇ ಕೊನೆಗೆ ಮಳೆ ಹಿಡಿಯುವ ಹೊತ್ತಿಗೆ ಎರಡು ಮೂರು ಕಣ್ಣಿರುವ ಗಡ್ಡೆಯ ತುಂಡನ್ನು ಅಡ್ಡಲಾಗಿ ಇಟ್ಟು ಎರಡು ಇಂಚು ಮಣ್ಣು ಮುಚ್ಚಿ, ಸಾಕು. ಆಳ ಬೇಡ. ತುಂಡಿನಿಂದ ತುಂಡಿಗೆ ಒಂದೂವರೆ ಅಡಿ ಬಿಡಿ. ಬುಡಕ್ಕೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಬುಟ್ಟಿ. ಕಾಫಿ ಸಿಪ್ಪೆ ಹಾಕುವುದಾದರೆ ಹಳೆಯದು, ಕಪ್ಪಾಗಿ ಪುಡಿಯಾದದ್ದು ಮಾತ್ರ ಹಾಕಿ. ಪಲ್ಪ್ ಮಾಡಿದ ಹಸಿ ಸಿಪ್ಪೆ ಕಳಿಯುವಾಗ ಬಿಸಿಯೇರಿ ಬೇರು ಸುಟ್ಟೀತು.

ಹೂವಿನ ವಿಷಯಕ್ಕೆ ಬರೋಣ. ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ಕಳೆಯುವ ಹೊತ್ತಿಗೆ ದಂಟಿನ ತುದಿಯಲ್ಲಿ ಹಸಿರು ಮುಚ್ಚಿಗೆ ಒಂದರ ಮೇಲೊಂದು ಜೋಡಿಸಿದ ತೆನೆ ಬರುತ್ತದೆ. ಒಂದೊಂದು ಮುಚ್ಚಿಗೆಯ ಒಳಗಿಂದಲೂ ಮೊಗ್ಗುಗಳು ಸರದಿಯಂತೆ ಹೊರಬರುತ್ತವೆ. ಬಿಗಿಯಾಗಿ ಸುತ್ತಿದ ಬಿಳಿ ಮೊಗ್ಗು ಸಂಜೆಗೆ ಬಿಚ್ಚಿಕೊಂಡರೆ ಅಂಗಳವೆಲ್ಲ ಘಮಘಮ. ಹೂ ಒಂದೆರಡು ದಿನಕ್ಕೇ ಬಾಡುತ್ತದೆ, ನಿಜ. ಆದರೆ ಮೊಗ್ಗಿನ ಸರದಿ ಬೇಗ ಮುಗಿಯುವುದಿಲ್ಲ. ಆದ್ದರಿಂದ ತೆನೆಯನ್ನೇ ಮುರಿಯಬೇಡಿ. ಮುಡಿಯಲು ಬೇಕಿದ್ದರೆ ಮಧ್ಯಾಹ್ನ ಕಳೆದ ಮೇಲೆ ಬಲಿತ ಮೊಗ್ಗನ್ನಷ್ಟೇ ಬಿಡಿಸಿ. ಅರಳಿದ ಎಸಳು ತೀರಾ ತೆಳ್ಳಗೆ, ಬೆರಳು ತಾಗಿದಲ್ಲಿ ಕಂದುತ್ತದೆ. ಕ್ಯೂಬಾ ದೇಶದವರು ಇದನ್ನೇ ತಮ್ಮ ರಾಷ್ಟ್ರೀಯ ಹೂ ಮಾಡಿಕೊಂಡಿದ್ದಾರಂತೆ. ನಮ್ಮಲ್ಲಿ ತೋಡಿನ ಬದಿಯ ಗಿಡ ಅಂತ ಕೇಳುವವರೇ ಇಲ್ಲ.

ಹೂ ಬಿಟ್ಟ ದಂಟು ಮತ್ತೆ ಹೂ ಬಿಡುವುದಿಲ್ಲ. ನೋಡಲು ಹಸಿರಾಗಿದೆ ಅಂತ ಸುಮ್ನೆ ಇಟ್ಟುಕೊಳ್ಳಬೇಡಿ, ತೆನೆ ಪೂರಾ ಮುಗಿದ ಮೇಲೆ ಬುಡದಲ್ಲೇ ಕತ್ತರಿಸಿ. ಪಕ್ಕದ ಮೊಳಕೆಗೆ ಬೆಳಕು ಸಿಗುತ್ತದೆ. ಎಲೆ ಕೊಳವೆಯ ಹಾಗೆ ಸುತ್ತಿಕೊಂಡಿದ್ದರೆ ಬಿಡಿಸಿ ನೋಡಿ. ಒಳಗೆ ಒಂದು ತಿಳಿ ಹಸಿರು ಹುಳ ಇರುತ್ತದೆ, ಮೈಯೊಳಗಿನದು ಕಾಣುವಷ್ಟು ತೆಳು ಚರ್ಮ. ಅರಿಸಿನದ ಎಲೆಗೂ ಬರುವ ಹುಳವೇ ಅದು, ಮುಂದೆ ಕಂದು ಬಣ್ಣದ ಚಿಟ್ಟೆಯಾಗುತ್ತದೆ. ನಾಲ್ಕು ಎಲೆ ತಿಂದುಕೊಳ್ಳಲಿ ಬಿಡಿ. ಜಾಸ್ತಿಯಾದರೆ ಆ ಎಲೆಗಳನ್ನು ಕಿತ್ತರಾಯಿತು. ಔಷಧಿ ಹೊಡೆಯುವಷ್ಟು ದೊಡ್ಡ ವಿಷಯವಲ್ಲ.

ಇನ್ನು ಬೇಸಿಗೆ. ಡಿಸೆಂಬರ್ ಮುಗಿಯುವ ಮೊದಲೇ ತೋಟದ ತರಗೆಲೆ ತಂದು ಬುಡಕ್ಕೆ ಗೇಣೆತ್ತರ ಹಾಸಿ. ವಾರಕ್ಕೆ ಎರಡು ಸಲ ಬುಡ ನೆನೆಯುವಂತೆ ನೀರು ಕೊಡಿ. ದಿನಾ ಒಂದು ಚೊಂಬು ಚಿಮುಕಿಸಿದರೆ ಮೇಲಿನ ಎಲೆಯಷ್ಟೇ ಒದ್ದೆಯಾಗುತ್ತದೆ. ತರಗು ಸರಿಸಿ ಮಣ್ಣಿಗೆ ಬೆರಳಿಟ್ಟು ನೋಡಿ, ತಂಪಿದ್ದರೆ ಆ ದಿನ ನೀರು ಬೇಡ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹೊಯ್ಯಬಹುದು. ಬಟ್ಟೆ ಒಗೆದ ಸೋಪಿನ ನೀರು ಬೇಡ. ಪೇಟೆ ಮನೆಯಲ್ಲಿ ಕುಂಡದಲ್ಲಿ ಬೆಳೆಸುವವರು ಅಗಲ ಬಾಯಿಯ ಟಬ್ ತಗೊಳ್ಳಿ. ಗಡ್ಡೆ ಹರಡುವುದು ಅಡ್ಡಕ್ಕೆ. ಬೇಸಿಗೆಯಲ್ಲಿ ಕೆಳಗೊಂದು ನೀರಿನ ತಟ್ಟೆ ಇರಲಿ.

ಮೂರ್ನಾಲ್ಕು ವರ್ಷಕ್ಕೆ ಗಡ್ಡೆ ಒತ್ತೊತ್ತಾಗಿ ಹೂ ಕಮ್ಮಿಯಾಗುತ್ತದೆ. ಆಗ ಮಳೆಗೆ ಮುಂಚೆ ಅಗೆದು ಬಿಡಿಸಿ, ಅಕ್ಕಪಕ್ಕದವರಿಗೆ ಕೊಡಿ. ಉಳಿದದ್ದನ್ನು ತೋಡಿಗೆ ಮಾತ್ರ ಎಸೆಯಬೇಡಿ. ಹರಿದು ಹೋದ ತುಂಡು ಕೆಳಗೆಲ್ಲೋ ಬೇರು ಬಿಟ್ಟು ದಡವನ್ನೆಲ್ಲ ಹಿಡಿಯುತ್ತದೆ. ಹವಾಯಿ, ಬ್ರೆಜಿಲ್ ಕಡೆ ಇದು ಹೊಳೆ ಬದಿಯ ದೊಡ್ಡ ಕಳೆಯೇ ಆಗಿದೆ. ಬೇಡದ ಗಡ್ಡೆಯನ್ನು ಚೂರು ಮಾಡಿ ಬಿಸಿಲಿಗೆ ಹರವಿ. ಪೂರಾ ಒಣಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ.