ಟಯರ್ ಬಿಚ್ಚುವ ಮೊದಲು ಜಾಗ ನೋಡಿ

ಮನೆ ಕಟಪಾಡಿಯಲ್ಲಿ, ಕೆಲಸ ಬೈಕಂಪಾಡಿಯಲ್ಲಿ. ಹಾಗಾಗಿ ನನ್ನ ದಿನದ ಒಂದು ಪಾಲು ಹೆದ್ದಾರಿ 66ರ ಮೇಲೆಯೇ ಕಳೆಯುತ್ತದೆ. ನಮ್ಮ ಕಡೆ ಹಳಬರು ಈಗಲೂ ಅದನ್ನು ಹಳೆಯ ನಂಬರಿನಿಂದ ಹದಿನೇಳು ಅಂತಲೇ ಕರೆಯುತ್ತಾರೆ. ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ, ಹಳೆಯಂಗಡಿ, ಸುರತ್ಕಲ್. ಈ ಸಾಲಿನಲ್ಲಿ ನನ್ನ ಕಾರು ಪಂಕ್ಚರ್ ಆಗದ ಊರನ್ನು ಹುಡುಕಬೇಕು.

ಟಯರ್ ಬದಲಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಕೈ ಪಳಗಿದ ಮೇಲೆ ಇಪ್ಪತ್ತು ನಿಮಿಷ ಸಾಕು. ಆ ಇಪ್ಪತ್ತು ನಿಮಿಷ ನೀವು ಎಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತೀರಿ, ನಿಮ್ಮ ಬೆನ್ನ ಹಿಂದೆ ಏನು ಓಡುತ್ತಿರುತ್ತದೆ ಅನ್ನುವುದೇ ದೊಡ್ಡ ವಿಷಯ. ಬಂದರಿಗೆ ಹೋಗುವ ಟ್ಯಾಂಕರ್ ಪಕ್ಕದಲ್ಲಿ ಹಾದರೆ ಜಾಕಿ ಮೇಲಿರುವ ಕಾರು ಗಾಳಿಗೇ ಅಲ್ಲಾಡುತ್ತದೆ. ಎಕ್ಸ್‌ಪ್ರೆಸ್ ಬಸ್ಸುಗಳ ಬಗ್ಗೆ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ ಅಲ್ವಾ.

ಹಾಗಾಗಿ ಟಯರ್ ಹೋಯಿತು ಅಂತ ಗೊತ್ತಾದ ಕೂಡಲೇ ನಾನು ಬ್ರೇಕ್ ಒತ್ತುವುದಿಲ್ಲ. ಸ್ಟೇರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಕಾರು ತಾನಾಗಿ ನಿಧಾನ ಆಗಲು ಬಿಡುತ್ತೇನೆ. ಮುಂದಿನ ಟಯರ್ ಹೋಗಿದ್ದರೆ ಸ್ಟೇರಿಂಗ್ ಆ ಬದಿಗೆ ಎಳೆಯುತ್ತದೆ. ಹಿಂದಿನದ್ದಾದರೆ ಕಾರಿನ ಹಿಂಭಾಗ ತೂಗಾಡುತ್ತದೆ. ಆ ಹೊತ್ತಿಗೆ ಜೋರು ಬ್ರೇಕ್ ಹಾಕಿದರೆ ಕಾರು ತಿರುಗಿ ಅಡ್ಡ ನಿಲ್ಲಬಹುದು. ವೇಗ ಇಳಿದ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ಬರುತ್ತೇನೆ. ಆಮೇಲೆ ಜಾಗ ಹುಡುಕುತ್ತೇನೆ. ಸೇತುವೆ ಮೇಲೆ, ತಿರುವಿನಲ್ಲಿ, ಡಿವೈಡರ್ ಬದಿಯಲ್ಲಿ ನಿಲ್ಲಿಸುವುದೇ ಇಲ್ಲ. ಪೆಟ್ರೋಲ್ ಬಂಕ್, ಸರ್ವಿಸ್ ರಸ್ತೆ, ಬಸ್ಸು ನಿಲ್ಲುವ ಅಗಲದ ಜಾಗ, ಯಾರದ್ದಾದರೂ ಅಂಗಡಿ ಮುಂದಿನ ಅಂಗಳ, ಇದರಲ್ಲಿ ಯಾವುದು ಮೊದಲು ಸಿಗುತ್ತದೋ ಅಲ್ಲಿವರೆಗೆ ನಡಿಗೆಯ ವೇಗದಲ್ಲಿ ಹೋಗುತ್ತೇನೆ.

"ಗಾಳಿ ಇಲ್ಲದೆ ಓಡಿಸಿದರೆ ಟಯರ್ ಹಾಳಾಗುತ್ತದಲ್ಲ?" ಅಂತ ಕೇಳುವವರು ಇದ್ದಾರೆ. ಹೌದು, ಹಾಳಾಗುತ್ತದೆ. ಟಯರಿನ ಪಕ್ಕದ ಗೋಡೆ ಮಡಚಿ ಒಳಗಿನ ದಾರ ತುಂಡಾಗುತ್ತದೆ, ಆಮೇಲೆ ಪಂಕ್ಚರ್ ಹಾಕಿ ಪ್ರಯೋಜನ ಇಲ್ಲ. ಹಾಳಾಗಲಿ. ಹೊಸ ಟಯರ್ ಕೆಲವು ಸಾವಿರಕ್ಕೆ ಸಿಗುತ್ತದೆ.

ಒಂದು ಮಳೆಗಾಲದಲ್ಲಿ ಮೂಲ್ಕಿ ಪೇಟೆ ಬಿಟ್ಟು ಶಾಂಭವಿ ಸೇತುವೆ ಹತ್ತುವಾಗ ಬಲಗಡೆಯ ಹಿಂದಿನ ಟಯರ್ ಹೋಯಿತು. ಕಾರಿನಲ್ಲಿ ಅತ್ತೆ ಇದ್ದರು, ಮದುವೆ ಮುಗಿಸಿ ಬರುತ್ತಿದ್ದೆವು. ಮೈಮೇಲೆ ರೇಷ್ಮೆ ಸೀರೆ, ಮುಡಿಯಲ್ಲಿ ಶಂಕರಪುರ ಮಲ್ಲಿಗೆ. ಸೇತುವೆ ದಾಟಿ ಸ್ವಲ್ಪ ಮುಂದೆ ಒಂದು ಮುಚ್ಚಿದ ಅಂಗಡಿ ಕಂಡಿತು, ಎದುರಿಗೆ ಸಿಮೆಂಟ್ ಹಾಕಿದ ಅಂಗಳ. ಬಲಗಡೆಯ ಟಯರ್ ಅಂದರೆ ರಸ್ತೆ ಕಡೆಗೆ ಇರುವ ಟಯರ್. ಹೆದ್ದಾರಿ ಉದ್ದಕ್ಕೇ ನಿಲ್ಲಿಸಿದರೆ ವಾಹನಗಳಿಗೆ ಬೆನ್ನು ಕೊಟ್ಟು ಕೂರಬೇಕು. ಅದಕ್ಕೆ ಕಾರನ್ನು ಅಂಗಳದೊಳಗೆ ಪೂರ್ತಿ ತಿರುಗಿಸಿ, ಮೂತಿ ಹೆದ್ದಾರಿ ಕಡೆಗೆ, ಹಿಂಭಾಗ ಅಂಗಡಿ ಕಡೆಗೆ ಮಾಡಿ ನಿಲ್ಲಿಸಿದೆ. ಕೆಲಸ ಎಲ್ಲ ಅಂಗಡಿಯ ಮಾಡಿನ ಕೆಳಗೇ ಆಯಿತು. ಜಾಗ ಸಿಕ್ಕಿದಾಗ ಹೀಗೆ ತಿರುಗಿಸಿಕೊಳ್ಳಲು ಒಂದು ನಿಮಿಷ ಖರ್ಚು ಮಾಡಿ, ನಷ್ಟ ಇಲ್ಲ.

ಅತ್ತೆಯನ್ನು ಕೆಳಗೆ ಇಳಿಸುವುದೇ ಆವತ್ತಿನ ದೊಡ್ಡ ಕೆಲಸ. "ಮಳೆಯಲ್ಲಿ ನಾನ್ಯಾಕೆ ಇಳಿಯಬೇಕು, ಒಳಗೇ ಕೂತಿರುತ್ತೇನೆ" ಅಂದರು. ಜಾಕಿ ಹಾಕುವಾಗ ಕಾರಿನೊಳಗೆ ಯಾರೂ ಇರಬಾರದು. ಒಳಗಿನವರು ಸುಮ್ನೆ ಕೂರುವುದಿಲ್ಲ, ತಿರುಗುತ್ತಾರೆ, ಬಾಗಿಲು ತೆರೆಯುತ್ತಾರೆ, ಕಾರು ಜಾಕಿಯಿಂದ ಜಾರುತ್ತದೆ. ರಸ್ತೆ ಬದಿಯಲ್ಲಿ ನಿಂತ ಕಾರಿಗೆ ಹಿಂದಿನಿಂದ ಬಂದು ಗುದ್ದುವವರೂ ಇದ್ದಾರೆ. ಕೊಡೆ ಹಿಡಿದು, ಎಡಗಡೆಯ ಬಾಗಿಲಿನಿಂದ ಇಳಿಸಿ ಮಾಡಿನ ಕೆಳಗೆ ಕರೆದುಕೊಂಡು ಹೋದೆ. ಮಲ್ಲಿಗೆ ಬಾಡಿದ್ದಕ್ಕೆ ನಾನೇ ಕಾರಣ ಅಂತ ಈಗಲೂ ಹೇಳುತ್ತಾರೆ. ಹೆದ್ದಾರಿಯಲ್ಲಿಯೇ ನಿಲ್ಲಬೇಕಾಗಿ ಬಂದರೂ ಇದೇ ಕ್ರಮ: ಎಲ್ಲರೂ ಎಡಗಡೆಯಿಂದ ಇಳಿಯಬೇಕು, ಕಬ್ಬಿಣದ ತಡೆಬೇಲಿ ಇದ್ದರೆ ಅದರ ಆಚೆ, ಕಾರಿಗಿಂತ ಹಿಂದಕ್ಕೆ, ರಸ್ತೆಯಿಂದ ದೂರ ನಿಲ್ಲಬೇಕು. ಕಾರಿನ ಮುಂದೆ ನಿಂತರೆ, ಹಿಂದಿನಿಂದ ಗುದ್ದಿದಾಗ ಅದೇ ಕಾರು ಅವರ ಮೇಲೆ ಬರುತ್ತದೆ.

ಕೆಂಪು ತ್ರಿಕೋನ ಡಿಕ್ಕಿಯಲ್ಲಿ ಎಲ್ಲರಿಗೂ ಇರುತ್ತದೆ. ಕಾರಿನಿಂದ ಎರಡು ಮಾರು ದೂರ ಇಟ್ಟು ಬರುತ್ತಾರೆ, ಅದರಿಂದ ಏನೂ ಆಗದು. 80 ಕಿ.ಮೀ. ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಡ್ರೈವರ್ ನೋಡಿ, ಯೋಚಿಸಿ, ಬ್ರೇಕ್ ಒತ್ತುವಷ್ಟರಲ್ಲಿ ನಿಮ್ಮ ಹತ್ತಿರ ಬಂದಿರುತ್ತಾನೆ. ನಾನು ಹಿಂದಕ್ಕೆ ನೂರು ಹೆಜ್ಜೆ ನಡೆದು ಇಡುತ್ತೇನೆ, ಕಾರಿನ ಹಿಂದೆ ತಿರುವಿದ್ದರೆ ತಿರುವಿನ ಆಚೆಗೆ. ನಡೆಯುವಾಗ ರಸ್ತೆ ಮೇಲೆ ಅಲ್ಲ, ಹುಲ್ಲಿನ ಮೇಲೆ. ರಾತ್ರಿಯಾದರೆ ತ್ರಿಕೋನವನ್ನು ಎದೆಗೆ ಹಿಡಿದು ಟಾರ್ಚ್ ಹಾಕಿಕೊಂಡು ಹೋಗುತ್ತೇನೆ.

ಇನ್ನು ಸಹಾಯಕ್ಕೆ ಬರುವವರ ವಿಷಯ. ನಮ್ಮೂರಿನಲ್ಲಿ ಕಾರಿನ ಬಾನೆಟ್ ತೆರೆದರೆ ಸಾಕು, ರಿಕ್ಷಾದವರು, ಮೀನಿನ ಟೆಂಪೋದವರು, ಬೈಕಿನ ಹುಡುಗರು "ದಾದ ಆಂಡ್ ಮಾರಾಯ್ರೆ?" (ಏನಾಯಿತು ಮಾರಾಯ್ರೆ?) ಅಂತ ನಿಲ್ಲಿಸುತ್ತಾರೆ. ಒಳ್ಳೆಯ ಜನ. ಆದರೆ ಐದು ಜನ ಬಂದರೆ ಐವರೂ ಕಾರಿನ ಬಲಗಡೆ, ಟಾರಿನ ಮೇಲೆ ನಿಂತು ಸಲಹೆ ಕೊಡುತ್ತಾರೆ. ನಾನು ಬಂದವರಿಗೆಲ್ಲ ಒಂದೊಂದು ಕೆಲಸ ಹಂಚುತ್ತೇನೆ. ಒಬ್ಬರು ದೂರದಲ್ಲಿ ಟಾರ್ಚ್ ಬೀಸಲಿ, ಒಬ್ಬರು ಚಕ್ರಕ್ಕೆ ಕಲ್ಲು ಹುಡುಕಲಿ. ಉಳಿದವರು ಎಡಗಡೆ ಬನ್ನಿ ಅಂತ ಹೇಳಿದರೆ ಯಾರೂ ಬೇಸರ ಮಾಡುವುದಿಲ್ಲ.

ಜಾಕಿ ವಿಷಯದಲ್ಲಿ ನಮ್ಮ ಮಣ್ಣನ್ನು ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಬದಿಯ ಕೆಂಪು ಮಣ್ಣು ಮೇಲೆ ಗಟ್ಟಿ ಕಾಣುತ್ತದೆ, ಒಳಗೆ ಹಿಟ್ಟು ಕಲಸಿಟ್ಟ ಹಾಗೆ ಮೆತ್ತಗೆ. ಜಾಕಿ ತಿರುಗಿಸಿದಷ್ಟೂ ಕಾರು ಏಳುವ ಬದಲು ಜಾಕಿಯೇ ಕೆಳಗೆ ಇಳಿಯುತ್ತದೆ, ಆಮೇಲೆ ವಾಲುತ್ತದೆ. ಜಾಕಿಯ ಕೆಳಗೆ ಹಾಕಲು ಒಂದು ಅಡಿ ಉದ್ದಗಲದ ದಪ್ಪ ಪ್ಲೈವುಡ್ ತುಂಡು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ಬಡಗಿಯ ಹತ್ತಿರ ಕೇಳಿದರೆ ಸುಮ್ಮನೆ ಕೊಡುತ್ತಾನೆ. ಮುರಕಲ್ಲು ಎಲ್ಲ ಕಡೆ ಸಿಗುತ್ತದೆ, ಚಕ್ರಕ್ಕೆ ಅಡ್ಡ ಇಡಲು ಅದು ಆಗಬಹುದು. ಜಾಕಿಯ ಕೆಳಗೆ ಮಾತ್ರ ಬೇಡ, ಭಾರ ಒಂದೇ ಕಡೆ ಬಿದ್ದರೆ ಒಡೆದು ಪುಡಿಯಾಗುತ್ತದೆ. ಪಂಕ್ಚರ್ ಆದ ಚಕ್ರಕ್ಕೆ ಮೂಲೆಗೆ ಮೂಲೆ ಎದುರಿರುವ ಚಕ್ರಕ್ಕೆ ಎರಡೂ ಬದಿಯಿಂದ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ಚಕ್ರವನ್ನೇ ಎತ್ತುವಾಗ ಅದರ ಹಿಡಿತ ಅರ್ಧ ಹೋಗುತ್ತದೆ. ಅದಕ್ಕೇ ಗೇರಿನಲ್ಲೂ ಹಾಕಿಡುತ್ತೇನೆ.

ನಟ್‌ಗಳನ್ನು ಚಕ್ರ ನೆಲದ ಮೇಲೆ ಇರುವಾಗಲೇ ಅರ್ಧ ಸುತ್ತು ಸಡಿಲ ಮಾಡಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಚಕ್ರ ತಿರುಗುತ್ತದೆ, ಕಾರು ಅಲುಗುತ್ತದೆ. ಟಯರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಗಿದ ನಟ್ ಕಾರಿನ ಜೊತೆ ಬರುವ ಗಿಡ್ಡ ಸ್ಪ್ಯಾನರಿಗೆ ಜಗ್ಗುವುದಿಲ್ಲ. ಸಣ್ಣ ಕಾರುಗಳ ನಟ್‌ಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿ ಸಾಕು. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 40 ಕಿಲೋ ಭಾರ ಬಿದ್ದರೆ ಅಷ್ಟಾಗುತ್ತದೆ. ಗನ್ನಿನಲ್ಲಿ ಕಣ್ಣುಮುಚ್ಚಿ ಬಿಗಿದರೆ ಅದರ ದುಪ್ಪಟ್ಟು ದಾಟಿದರೂ ಆಶ್ಚರ್ಯ ಇಲ್ಲ. ಅದಕ್ಕೆ ಅಂಗಡಿಯಲ್ಲಿ ಕೊನೆಯ ಬಿಗಿ ಕೈಯಲ್ಲೇ ಮಾಡಿ ಅಂತ ಹೇಳುತ್ತೇನೆ. ಡಿಕ್ಕಿಯಲ್ಲಿ ಸ್ಪ್ಯಾನರಿಗೆ ತೊಡಿಸಲು ಒಂದು ಜಿ.ಐ. ಪೈಪಿನ ತುಂಡೂ ಇದೆ. ಹಿಡಿ ಉದ್ದ ಆದಷ್ಟೂ ಕಡಿಮೆ ಬಲ ಸಾಕು. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯುವವರನ್ನು ನೋಡಿದ್ದೇನೆ. ಅದು ಜಾರಿದರೆ ಮೊಣಕಾಲಿನ ಗತಿ ಅಷ್ಟೇ.

ಇಲ್ಲಿ ಸಮುದ್ರದ ಉಪ್ಪುಗಾಳಿಯ ಇನ್ನೊಂದು ಉಪದ್ರ ಇದೆ. ನಟ್ ಎಲ್ಲ ಬಿಚ್ಚಿದರೂ ಚಕ್ರ ಬರುವುದಿಲ್ಲ. ನಡುವಿನ ಹಬ್‌ಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಬಯಲು ಸೀಮೆಯ ಗೆಳೆಯರು ಇದನ್ನು ಹೇಳಿದರೆ ನಂಬುವುದಿಲ್ಲ. ಜಾಕಿ ಮೇಲಿರುವ ಕಾರಿನ ಚಕ್ರಕ್ಕೆ ಒದೆಯಲು ಹೋಗಬೇಡಿ. ನಟ್‌ಗಳನ್ನು ಮತ್ತೆ ಹಾಕಿ, ಒಂದೆರಡು ಸುತ್ತು ಸಡಿಲ ಬಿಟ್ಟು, ಕಾರನ್ನು ನಿಧಾನಕ್ಕೆ ಕೆಳಗೆ ಇಳಿಸಿ. ಕಾರಿನ ಭಾರಕ್ಕೇ "ಟಕ್" ಅಂತ ಬಿಡುತ್ತದೆ. ಆಮೇಲೆ ಮನೆಯಲ್ಲಿ ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ತಿಕ್ಕಿ ತೆಳ್ಳಗೆ ಗ್ರೀಸ್ ಹಚ್ಚಿ. ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಗ್ರೀಸ್ ಬೇಡ, ಬಿಗಿಯ ಲೆಕ್ಕ ತಪ್ಪುತ್ತದೆ.

ಕಾರು ಎತ್ತಿದ ಕೂಡಲೇ ಸ್ಟೆಪ್ನಿಯನ್ನು ಅಡ್ಡ ಮಲಗಿಸಿ ಕಾರಿನ ಕೆಳಗೆ ದೂಡುತ್ತೇನೆ. ಹಳೆಯ ಚಕ್ರ ಬಂದ ಮೇಲೆ ಅದನ್ನು ಕೆಳಗೆ ದೂಡಿ ಸ್ಟೆಪ್ನಿ ಎಳೆಯುತ್ತೇನೆ. ಜಾಕಿ ಜಾರಿದರೂ ಕಾರು ಟಯರಿನ ಮೇಲೆ ಕೂರುತ್ತದೆ, ಕೈಯ ಮೇಲೆ ಅಲ್ಲ. ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ: ನಟ್ ಕೈಯಲ್ಲಿ ತಿರುಗಿಸಿ ಕೂರಿಸುವುದು, ಎದುರುಬದುರು ಬಿಗಿಯುವುದು, ಕೆಳಗೆ ಇಳಿಸಿದ ಮೇಲೆ ಪೂರ್ತಿ ಬಿಗಿಯುವುದು. 50 ಕಿ.ಮೀ. ಓಡಿದ ಮೇಲೆ ಒಮ್ಮೆ ಮತ್ತೆ ನೋಡುವುದು. ಸ್ಟೆಪ್ನಿ ಸಣ್ಣ ಸೈಜಿನದ್ದಾದರೆ ಅದರ ಮೇಲೆ ಬರೆದ ವೇಗ, ಸಾಮಾನ್ಯವಾಗಿ 80, ದಾಟಬಾರದು.

ಜಾಗ ಸರಿ ಇಲ್ಲದಿದ್ದರೆ ನಾನು ಟಯರ್ ಮುಟ್ಟುವುದೇ ಇಲ್ಲ. 1033ಕ್ಕೆ ಫೋನ್ ಮಾಡುತ್ತೇನೆ. ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. "ಪಡುಬಿದ್ರಿ ಹತ್ತಿರ" ಅಂದರೆ ಅವರಿಗೆ ಗೊತ್ತಾಗುವುದಿಲ್ಲ. ಕಿಲೋಮೀಟರ್ ಕಲ್ಲಿನ ನಂಬರ್ ಮತ್ತು ಯಾವ ಕಡೆಗೆ ಹೋಗುತ್ತಿದ್ದೀರಿ ಅಂತ ಹೇಳಿ. ಯಾರಿಗಾದರೂ ಪೆಟ್ಟಾಗಿದ್ದರೆ 112 ಅಥವಾ 108. ಗಾಯಾಳುವಿಗೆ ನೆರವಾದರೆ ಪೊಲೀಸ್ ಕೇಸು ತಲೆಗೆ ಬರುತ್ತದೆ ಅಂತ ಹೆದರುವವರು ಈಗಲೂ ಇದ್ದಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಸೆಕ್ಷನ್ ಅಂಥವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕು ಅಂತಲೂ ಇಲ್ಲ.

ಆಗುಂಬೆ, ಚಾರ್ಮಾಡಿ, ಶಿರಾಡಿ ಇಳಿಯುವಾಗ ತೊಂದರೆ ಬೇರೆ ತರಹದ್ದು. ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಎರಡನೇ ಗೇರಿನಲ್ಲಿ, ಇಂಜಿನ್ ಹಿಡಿತದಲ್ಲೇ ಇಳಿಯಬೇಕು. ವಾಸನೆ ಬಂದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ, ನೀರು ಹೊಯ್ಯಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಹತ್ತುವಾಗ ಇಂಜಿನ್ ಬಿಸಿಯಾಗಿ ಮುಳ್ಳು ಕೆಂಪಿಗೆ ಹೋದರೂ ಅಷ್ಟೇ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ. ಘಾಟಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ, ಹೊರಡುವ ಮೊದಲೇ ಮನೆಗೆ ಹೇಳಿಡುವುದು ಒಳ್ಳೆಯದು.

ಮಂಗಳೂರಿನೊಳಗೆ ಜೋರು ಮಳೆ ಬಂದರೆ ಕೊಟ್ಟಾರ ಚೌಕಿ, ಪಡೀಲ್ ರೈಲ್ವೆ ಸೇತುವೆ ಕೆಳಗಡೆ ನೀರು ನಿಲ್ಲುತ್ತದೆ. ಮುಂದಿನ ಕಾರಿನ ಅರ್ಧ ಚಕ್ರ ಮುಳುಗುವುದು ಕಂಡರೆ ನಾನು ತಿರುಗಿಸುತ್ತೇನೆ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಗಾಳಿ ಎಳೆಯುವ ಕೊಳವೆಯಿಂದ ನೀರು ಒಳಗೆ ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ರಾಡ್ ಬಗ್ಗುತ್ತದೆ. ಸಾಮಾನ್ಯ ವಿಮೆಯಲ್ಲಿ ಈ ಖರ್ಚು ಸಿಗುವುದು ಕಷ್ಟ, ಇಂಜಿನ್ ರಕ್ಷಣೆ ಬೇರೆಯೇ ತೆಗೆದುಕೊಂಡಿರಬೇಕು.

ಈಗಿನ ಟ್ಯೂಬ್‌ಲೆಸ್ ಟಯರಿನಲ್ಲಿ ಎಷ್ಟೋ ಸಲ ರಸ್ತೆಯಲ್ಲಿ ಬದಲಿಸುವ ಕೆಲಸವೇ ಬರುವುದಿಲ್ಲ. ಮೊಳೆ ಹೊಕ್ಕಿದ್ದು ಕಂಡರೆ ಕಿತ್ತು ತೆಗೆಯಬೇಡಿ. ಅದೇ ತೂತನ್ನು ಮುಚ್ಚಿಕೊಂಡಿರುತ್ತದೆ. ಕಾರಿನ ಸಾಕೆಟ್ಟಿಗೆ ಹಾಕುವ ಸಣ್ಣ ಪಂಪಿನಿಂದ ಗಾಳಿ ತುಂಬಿ ನಿಧಾನಕ್ಕೆ ಪಂಕ್ಚರ್ ಅಂಗಡಿಗೆ ಹೋಗಬಹುದು. ಗಾಳಿ ತುಂಬಿದ ಐದು ನಿಮಿಷಕ್ಕೆ ಇಳಿದುಹೋದರೆ, ಅಥವಾ ಪಕ್ಕದ ಗೋಡೆ ಸೀಳಿದ್ದರೆ, ಸ್ಟೆಪ್ನಿಯೇ ಗತಿ.

ಸ್ಟೆಪ್ನಿಯ ಗಾಳಿ ನೋಡುವವರು ಕಡಿಮೆ. ನಾನು ಪೆಟ್ರೋಲ್ ಹಾಕಿಸುವಾಗ ತಿಂಗಳಿಗೊಮ್ಮೆ ಐದನೆಯ ಟಯರಿಗೂ ಗಾಳಿ ಹಿಡಿಸುತ್ತೇನೆ, ಉಳಿದವಕ್ಕಿಂತ ಎರಡು ಮೂರು ಪಾಯಿಂಟ್ ಜಾಸ್ತಿ. ಬಂಕಿನ ಹುಡುಗ ಡಿಕ್ಕಿ ತೆರೆದು ಸಾಮಾನು ಇಳಿಸಬೇಕಲ್ಲ ಅಂತ ಮುಖ ಹುಳ್ಳಗೆ ಮಾಡುತ್ತಾನೆ. ನಾನೇ ಇಳಿಸುತ್ತೇನೆ. ಟಯರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ: 2319 ಅಂದರೆ 2019ರ 23ನೇ ವಾರ. ಒಮ್ಮೆ ನಿಮ್ಮ ಸ್ಟೆಪ್ನಿಯ ಅಂಕಿ ಓದಿ ನೋಡಿ. ಒಮ್ಮೆಯೂ ರಸ್ತೆಗೆ ಇಳಿಯದ ಟಯರ್, ರಬ್ಬರಿನ ಕೂದಲು ಹಾಗೇ ಇರುತ್ತದೆ. ಆದರೆ ವಯಸ್ಸು ಹತ್ತು ದಾಟಿದ್ದರೆ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ಅಂಥದ್ದನ್ನು ಅಂಗಡಿವರೆಗೆ ಓಡಿಸಬಹುದು, ಉಡುಪಿವರೆಗೆ ಬೇಡ.