ವಿಮಾನದ ಫೋಟೊಗೆ ಶಟರ್ ಕಲಿತದ್ದು ವಿಂಡ್‌ಮಿಲ್ ನೋಡಿ

ಚಿತ್ರದುರ್ಗದಲ್ಲಿ ಕೂತು ವಿಮಾನದ ಫೋಟೊ ಎಲ್ಲಿಂದ ತೆಗೆಯುತ್ತೀರಾ ಅಂತ ಕೇಳುತ್ತಾರೆ. ನಿಜ, ಊರಲ್ಲಿ ಏರ್‌ಪೋರ್ಟ್ ಇಲ್ಲ. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ಪರೀಕ್ಷಾ ವಲಯ ಇದೆ, ಆದರೆ ಅತ್ತ ಕ್ಯಾಮೆರಾ ಎತ್ತುವ ಮಾತೇ ಇಲ್ಲ. ನಾನು ಹೋಗುವುದು ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಗೆ, ಎರಡು ವರ್ಷಕ್ಕೊಮ್ಮೆ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ. ಮಿಕ್ಕಂತೆ ಅಭ್ಯಾಸವೆಲ್ಲ ಜೋಗಿಮಟ್ಟಿ ಕಡೆಯ ವಿಂಡ್‌ಮಿಲ್ ಮೇಲೆ.

ವಿಂಡ್‌ಮಿಲ್ ಯಾಕೆ ಅಂದರೆ ಅದು ನಿಧಾನ, ದಿನವಿಡೀ ಸಿಗುತ್ತದೆ, ಯಾರೂ ಕೇಳಲ್ಲ. ಶಟರ್ 1/500ರಲ್ಲಿ, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗ ಮಾತ್ರ ತೆರೆದು ತೆಗೆದರೆ ಕೆಟ್ಟು ನಿಂತಿದೆಯೇನೋ ಅನ್ನಿಸುತ್ತದೆ. ಟ್ರೈಪಾಡ್ ಹಾಕಿ 1/8, 1/4 ಅಂತ ಇಳಿಸುತ್ತಾ ಬಂದರೆ ರೆಕ್ಕೆಯ ತುದಿ ಕದಡುತ್ತದೆ, ಬುಡ ಮಾತ್ರ ಸ್ಪಷ್ಟವಾಗೇ ಇರುತ್ತದೆ. ಶಟರ್ ತೆರೆದಿರುವಷ್ಟು ಹೊತ್ತಲ್ಲಿ ರೆಕ್ಕೆ ಎಷ್ಟು ಡಿಗ್ರಿ ತಿರುಗಿತು, ಅಷ್ಟೇ ಲೆಕ್ಕ. ಇದು ತಲೆಗೆ ಹೋದರೆ ಮುಕ್ಕಾಲು ಕೆಲಸ ಮುಗಿಯಿತು.

ಸೋಗಾನೆಗೆ ಬರುವ ಎಟಿಆರ್ 72-600 ತಗೊಳ್ಳಿ. ಅದರ ಪ್ರೊಪೆಲರ್‌ಗೆ ಆರು ರೆಕ್ಕೆ, ಪೂರ್ತಿ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20. 1/1000 ಇಟ್ಟರೆ ರೆಕ್ಕೆ ತಿರುಗುವುದು ಬರೀ 7 ಡಿಗ್ರಿ. ವಿಮಾನ ದಾರಕ್ಕೆ ಕಟ್ಟಿ ತೂಗುಹಾಕಿದ ಆಟಿಕೆ ಥರ ಕಾಣುತ್ತದೆ. 1/125ಕ್ಕೆ ಇಳಿಸಿದರೆ ಸುಮಾರು 58 ಡಿಗ್ರಿ. ಎರಡು ರೆಕ್ಕೆ ನಡುವೆ ಇರುವುದೇ 60, ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ಚಕ್ರ ಮೂಡುತ್ತದೆ. ಚೆಂದವೇನೋ ಹೌದು, ಆದರೆ 300 ಎಂಎಂ ಲೆನ್ಸ್ ಕೈಯಲ್ಲಿ ಹಿಡಿದು 1/125ರಲ್ಲಿ ಪ್ಯಾನ್ ಮಾಡುವುದು, ಅಂದರೆ ವಿಮಾನದ ಜೊತೆಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದು, ಸುಲಭ ಅಲ್ಲ. ಮೊದಲು 1/250ರಲ್ಲಿ ಒಂದಷ್ಟು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಇಳಿಸಿ. ಕಾಲು ಊರಿ ನಿಂತು ಸೊಂಟ ಮಾತ್ರ ತಿರುಗಿಸಬೇಕು, ಕ್ಲಿಕ್ ಆದ ಮೇಲೂ ಕ್ಯಾಮೆರಾ ನಿಲ್ಲಿಸಬಾರದು. ಅಂದಹಾಗೆ, ಕಾಂಪೌಂಡ್ ಹೊರಗೇ ಇದ್ದರೂ ಅಲ್ಲಿನ ಸೆಕ್ಯುರಿಟಿಯವರನ್ನು ಕೇಳಿಯೇ ಕ್ಯಾಮೆರಾ ಹೊರಗೆ ತೆಗೆಯಿರಿ.

ಯಲಹಂಕದಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ಹಾಕ್ ಜೆಟ್ ಬಂದರೆ ಈ ಲೆಕ್ಕವೇ ಬೇಡ. ಹೊರಗೆ ತಿರುಗುವಂಥದ್ದು ಏನೂ ಇಲ್ವಲ್ಲ, ಧೈರ್ಯವಾಗಿ 1/2000. ಹೆಲಿಕಾಪ್ಟರ್ ಬಂತೋ, ತಕ್ಷಣ ಇಳಿಸಬೇಕು. ಧ್ರುವ್‌ನ ಮೇಲಿನ ರೋಟರ್ ನಿಮಿಷಕ್ಕೆ ಸುಮಾರು 300 ಸುತ್ತು, 1/125ರಲ್ಲಿ 15 ಡಿಗ್ರಿಯಷ್ಟು ತಿರುಗುತ್ತದೆ, ನನಗೆ ಅಷ್ಟು ಸಾಕು. 1/60 ಇನ್ನೂ ಚೆಂದ, ಆದರೆ ಹತ್ತಕ್ಕೆ ಒಂದು ಉಳಿದರೆ ಪುಣ್ಯ.

ಹೀಗಾಗಿ ನಾನು ಯಾವಾಗಲೂ ಶಟರ್ ಪ್ರಯಾರಿಟಿಯಲ್ಲೇ ಇರುತ್ತೇನೆ, ಅಂದರೆ ಶಟರ್ ನಾನು ಇಡುತ್ತೇನೆ, ಮಿಕ್ಕದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಮೇಲಿನ ಮಿತಿ 1600. ಫೋಕಸ್ ಕಂಟಿನ್ಯುಯಸ್, ವಿಮಾನ ಚಲಿಸಿದಂತೆ ಅದೂ ಹಿಂಬಾಲಿಸುತ್ತದೆ. ಬೆಳಕಿಗೆ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ಬಿಳಿ ಮೋಡ ಹಿಂದಿದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಅಂದುಕೊಂಡು ಕಡಿಮೆ ಮಾಡುತ್ತದೆ, ವಿಮಾನದ ಹೊಟ್ಟೆ ಕಪ್ಪಾಗುತ್ತದೆ. ಫೋಟೊ ಬೆಳಗಿಸುವ ಎಕ್ಸ್‌ಪೋಷರ್ ಕಾಂಪನ್ಸೇಷನ್ +1 ಕೊಡಿ. ಗಾಢ ನೀಲಿ ಆಕಾಶಕ್ಕೆ ಅಷ್ಟು ಬೇಡ.

ಇನ್ನು ಬಿಸಿಲೇರಿ ರನ್‌ವೇ ಕಾದ ಮೇಲೆ ದೂರದ ವಿಮಾನ ನೀರಿನೊಳಗೆ ಇದ್ದ ಹಾಗೆ ಅಲ್ಲಾಡುತ್ತದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೇ. ಸುಮ್ನೆ ಕ್ಯಾಮೆರಾ ಬ್ಯಾಗಿಗೆ ಹಾಕಿ ಊಟಕ್ಕೆ ಹೋಗಿ.