ಊರಲ್ಲೇ ಕೂತು ವಿದೇಶಿ ವಿವಿಯಲ್ಲಿ ಓದಬೇಕಾ? ಫೀಸು ಕಟ್ಟುವ ಮೊದಲು ಹೀಗೆ ಮಾಡಿ

ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಕೂತು ಲಂಡನ್ನಿನ ಪಾಠ ಕೇಳುವುದು ಈಗ ದೊಡ್ಡ ಸಂಗತಿಯೇನಲ್ಲ. ಮೊಬೈಲ್ ತೆರೆದರೆ ‘ಮನೆಯಿಂದಲೇ ವಿದೇಶಿ ಎಂಬಿಎ’ ಎಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಪಾಠ ಸಿಗುವುದು ಸುಲಭ. ಓದು ಮುಗಿದ ಮೇಲೆ ಕೈಗೆ ಬರುವ ಸರ್ಟಿಫಿಕೇಟು ಇಲ್ಲಿ ನಡೆಯುತ್ತದಾ ಎನ್ನುವುದೇ ತಲೆನೋವು.

ನಿಮಗೆ ಬೇಕಿರುವುದೇನು?

ಇದನ್ನು ಮೊದಲು ತೀರ್ಮಾನಿಸಿ. ಕಾಫಿ ತೋಟ ನೋಡಿಕೊಳ್ಳುವವರಿಗೆ ಮಣ್ಣು, ಹವಾಮಾನ, ಮಾರುಕಟ್ಟೆಯ ತಿಳಿವಳಿಕೆ ಬೇಕಿದ್ದರೆ ಪದವಿಯ ಹಂಗೇ ಬೇಡ. ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದಂಥ ಕೃಷಿಗೆ ಹೆಸರಾದ ಕಡೆಯವರೂ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ ಮೂಲಕ ಕೋರ್ಸ್ ನಡೆಸಿದ್ದಾರೆ. ಇಂಥ ಎಷ್ಟೋ ಕೋರ್ಸ್‌ಗಳಲ್ಲಿ ಸರ್ಟಿಫಿಕೇಟು ಬೇಡ ಎಂದರೆ ಪಾಠ ಪುಕ್ಕಟೆ. ಖಾಸಗಿ ಕಂಪನಿಯಲ್ಲಿ ಬಡ್ತಿಗೆ ಓದುವುದಾದರೆ ಎಚ್‌ಆರ್ ಒಪ್ಪಿದರೆ ಮುಗೀತು. ಆದರೆ ಕೆಪಿಎಸ್‌ಸಿ ಪರೀಕ್ಷೆ, ಉಪನ್ಯಾಸಕ ಹುದ್ದೆ, ಪಿಎಚ್‌ಡಿ ಇವುಗಳ ಮೇಲೆ ಕಣ್ಣಿದ್ದರೆ ಭಾರತದಲ್ಲಿ ಮಾನ್ಯತೆ ಇರುವ ಪದವಿಯೇ ಆಗಬೇಕು. ಮುಂದಿನ ಮಾತೆಲ್ಲ ಹೆಚ್ಚಾಗಿ ಅಂಥವರಿಗೆ.

ಅವರ ದೇಶದಲ್ಲಿ ಅವರು ಯಾರು?

ವಿಶ್ವವಿದ್ಯಾಲಯದ ವೆಬ್‌ಸೈಟ್ ಚೆನ್ನಾಗಿದೆ ಎಂದು ನಂಬಬೇಡಿ. ಇಂಗ್ಲೆಂಡಿನದ್ದಾದರೆ ‘ಆಫೀಸ್ ಫಾರ್ ಸ್ಟೂಡೆಂಟ್ಸ್’ ಪಟ್ಟಿಯಲ್ಲಿ, ಆಸ್ಟ್ರೇಲಿಯಾದ್ದಾದರೆ ‘ಟೆಕ್ಸಾ’ (TEQSA) ಪಟ್ಟಿಯಲ್ಲಿ, ಅಮೆರಿಕದ್ದಾದರೆ ‘ಚಿಯಾ’ (CHEA) ಪಟ್ಟಿಯಲ್ಲಿ ಹೆಸರು ಹುಡುಕಿ. ಹತ್ತು ನಿಮಿಷದ ಕೆಲಸ. ‘ಯುನೆಸ್ಕೋ ಮಾನ್ಯತೆ ಪಡೆದ ವಿವಿ’ ಎಂದು ಯಾರಾದರೂ ಬರೆದುಕೊಂಡಿದ್ದರೆ ಅಲ್ಲಿಗೇ ಕೈಬಿಡಿ. ಯುನೆಸ್ಕೋ ಯಾವ ವಿಶ್ವವಿದ್ಯಾಲಯಕ್ಕೂ ಮಾನ್ಯತೆ ಕೊಡುವುದಿಲ್ಲ, ಅದು ಅದರ ಕೆಲಸವೇ ಅಲ್ಲ.

ನಮ್ಮ ದೇಶ ಒಪ್ಪುತ್ತದಾ?

ಇಲ್ಲೇ ಜಾಸ್ತಿ ಜನ ಎಡವುವುದು. ‘ಎರಡು ದೇಶಗಳ ನಡುವೆ ಒಪ್ಪಂದ ಇದೆ’ ಎಂದು ಏಜೆಂಟರು ಹೇಳುತ್ತಾರೆ. ಒಪ್ಪಂದಗಳು ಇರುವುದು ನಿಜ. ಪದವಿಗಳನ್ನು ನ್ಯಾಯವಾಗಿ ಪರಿಶೀಲಿಸಬೇಕು ಎಂಬ ಯುನೆಸ್ಕೋದ ಜಾಗತಿಕ ಒಪ್ಪಂದ 2019ರಲ್ಲಿ ಅಂಗೀಕಾರವಾಗಿ 2023ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಆದರೆ ಅದನ್ನು ಒಪ್ಪಿ ಸೇರಿದ ದೇಶಗಳಿಗಷ್ಟೇ ಅದು ಅನ್ವಯ. ಅದು ಸಹ ಪರಿಶೀಲಿಸಿ ಎನ್ನುತ್ತದೆಯೇ ಹೊರತು ಕಣ್ಣುಮುಚ್ಚಿ ಒಪ್ಪಿಕೊಳ್ಳಿ ಎನ್ನುವುದಿಲ್ಲ.

ನಮ್ಮಲ್ಲಿ ಮಾತು ನಡೆಯುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿಯದ್ದು. ಭಾರತದ ಮತ್ತು ವಿದೇಶದ ವಿವಿಗಳು ಸೇರಿ ಜಂಟಿ ಪದವಿ, ಎರಡು ಪದವಿ ಕೊಡಲು ಅದು 2022ರಲ್ಲಿ ನಿಯಮ ಮಾಡಿತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆನ್‌ಲೈನ್ ಮತ್ತು ದೂರಶಿಕ್ಷಣದ ಕೋರ್ಸ್‌ಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ವಿದೇಶಿ ವಿವಿಗಳ ಜೊತೆ ಸೇರಿ ಆನ್‌ಲೈನ್ ಪದವಿ ಕೊಡುತ್ತೇವೆ ಎನ್ನುವ ಎಡ್‌ಟೆಕ್ ಕಂಪನಿಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಯುಜಿಸಿಯೇ ಎಚ್ಚರಿಕೆ ಕೊಟ್ಟಿದೆ. ಅಂಥ ಪದವಿಗೆ ಮಾನ್ಯತೆ ಇಲ್ಲ. ವಿದೇಶಿ ಪದವಿಗಳನ್ನು ಇಲ್ಲಿನ ಪದವಿಗೆ ಸಮ ಎಂದು ಒಪ್ಪಲು 2025ರ ಏಪ್ರಿಲ್‌ನಲ್ಲಿ ಬಂದ ಹೊಸ ನಿಯಮವೂ, ವಿವಿಯ ಹೆಸರಿನಲ್ಲಿ ಬೇರೆ ಸಂಸ್ಥೆ ನಡೆಸುವ ಫ್ರಾಂಚೈಸಿ ಮೂಲಕ ಪಡೆದ ಪದವಿಯನ್ನು ಹೊರಗಿಟ್ಟಿದೆ.

ಹಾಗಾಗಿ ಸೇರುವ ಮೊದಲೇ ಯುಜಿಸಿಗೆ, ಮುಂದೆ ಎಲ್ಲಿ ಓದಬೇಕು ಅಥವಾ ಕೆಲಸ ಮಾಡಬೇಕು ಎಂದಿದ್ದೀರೋ ಆ ಸಂಸ್ಥೆಗೆ ಇಮೇಲ್ ಬರೆದು ಕೇಳಿ. ಉತ್ತರ ಬರವಣಿಗೆಯಲ್ಲೇ ಇರಲಿ. ಫೋನಿನಲ್ಲಿ ‘ಏನೂ ತೊಂದರೆ ಇಲ್ಲ ಸಾರ್’ ಎಂದದ್ದು ಲೆಕ್ಕಕ್ಕಿಲ್ಲ. ಸರ್ಕಾರಿ ಕೆಲಸವೇ ಗುರಿಯಾಗಿದ್ದರೆ ವಿದೇಶಿ ಆನ್‌ಲೈನ್ ಪದವಿಯ ಗೊಡವೆಗೆ ಹೋಗಬೇಡಿ ಎಂಬುದೇ ನನ್ನ ಮಾತು.

ಹತ್ತಿರದ ದಾರಿ

ಬ್ರಿಟನ್ 1969ರಲ್ಲಿ ಓಪನ್ ಯೂನಿವರ್ಸಿಟಿ ಕಟ್ಟಿತು. ಮನೆಯಲ್ಲೇ ಕೂತು ಪದವಿ ಪಡೆಯುವ ಆ ಮಾದರಿ ಆಮೇಲೆ ಹಲವು ದೇಶಗಳಿಗೆ ಹಬ್ಬಿತು. ನಮ್ಮಲ್ಲಿ 1985ರಲ್ಲಿ ಇಗ್ನೋ, 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ ಬಂದವು. ದೂರಶಿಕ್ಷಣದಲ್ಲಿ ಪರಸ್ಪರ ನೆರವಾಗಲು ಕಾಮನ್‌ವೆಲ್ತ್ ದೇಶಗಳು 1987ರಲ್ಲಿ ‘ಕಾಮನ್‌ವೆಲ್ತ್ ಆಫ್ ಲರ್ನಿಂಗ್’ ಎಂಬ ಸಂಸ್ಥೆಗೆ ಒಪ್ಪಿದವು. ಅದರ ಏಷ್ಯಾ ಕೇಂದ್ರ ದೆಹಲಿಯಲ್ಲಿದೆ. ನಾವು ಬರೀ ತೆಗೆದುಕೊಳ್ಳುವವರೂ ಅಲ್ಲ. 2019ರಲ್ಲಿ ಶುರುವಾದ ‘ಇ-ವಿದ್ಯಾಭಾರತಿ’ಯಲ್ಲಿ ಆಫ್ರಿಕಾದ ವಿದ್ಯಾರ್ಥಿಗಳಿಗೆ ಪಾಠ ಹೋಗುವುದು ಭಾರತದ ವಿವಿಗಳಿಂದ.

ಮುಕ್ತ ವಿವಿಯ ಪ್ರಾದೇಶಿಕ ಕೇಂದ್ರ ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಅದರ ಮಾನ್ಯತೆ 2015ರಲ್ಲಿ ಹೋಗಿ 2018ರಲ್ಲಿ ಮರಳಿ ಬಂದದ್ದು ಇಲ್ಲಿ ಎಷ್ಟೋ ಮನೆಗಳಿಗೆ ನೆನಪಿರುತ್ತದೆ. ರಾಜ್ಯದ ಗಡಿ ದಾಟಿ ಬೇರೆ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸಿದ್ದೇ ಆಗಿನ ತಕರಾರು. ಆದ್ದರಿಂದ ಯಾವ ವಿವಿಯಾದರೂ ಸರಿ, ಈ ವರ್ಷ ಈ ಕೋರ್ಸ್‌ಗೆ ಅನುಮತಿ ಇದೆಯಾ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿ. ಸೇರುವ ಮೊದಲು ಆ ವಿಭಾಗದ (ಡಿಇಬಿ) ವೆಬ್‌ಸೈಟ್‌ನಲ್ಲಿ ನೀವೇ ‘ಡಿಇಬಿ ಐಡಿ’ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ ಮಾಡಿಕೊಳ್ಳಬೇಕು. ಅದಕ್ಕೆ ಕೋರ್ಸ್ ಮುಗಿಸಿದಾಗ ಸಿಗುವ ಕ್ರೆಡಿಟ್‌ಗಳ ಲೆಕ್ಕ ಇಡುವ ಖಾತೆಯ ಸಂಖ್ಯೆ, ಅಂದರೆ ಎಬಿಸಿ ಐಡಿ ಬೇಕು, ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಒಂದು ಮಾತು ನೆನಪಿರಲಿ: ಕೃಷಿ, ತೋಟಗಾರಿಕೆ, ಹೋಟೆಲ್ ಮ್ಯಾನೇಜ್‌ಮೆಂಟ್, ನರ್ಸಿಂಗ್, ಕಾನೂನು ಪದವಿಗಳನ್ನು ಆನ್‌ಲೈನ್‌ನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕೊಡುವಂತಿಲ್ಲ. ತೋಟ, ಹೋಂಸ್ಟೇ ಇರುವ ನಮ್ಮ ಕಡೆಯವರು ಮೊದಲು ಕೇಳುವುದೇ ಇವನ್ನು!

ಕಾಲೇಜಿನಲ್ಲಿ ಓದುತ್ತಿರುವವರಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ‘ಸ್ವಯಂ’ ಒಳ್ಳೆಯದು. ಕಾಲೇಜು ಒಪ್ಪಿದರೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸ್‌ಗಳನ್ನು ಅಲ್ಲಿ ಓದಿ ಕ್ರೆಡಿಟ್ ಪಡೆಯಬಹುದು. ಅಲ್ಲಿ ಸಿಗುವ ಐಐಟಿಗಳ ಎನ್‌ಪಿಟಿಇಎಲ್ ಕೋರ್ಸ್ ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಪಾಠಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಫೀಸು. ಪಾಸಾಗಲು ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬರಬೇಕು. ಪರೀಕ್ಷೆಗೆ ಕೇಂದ್ರಕ್ಕೇ ಹೋಗಬೇಕು. ನೋಂದಣಿ ಮಾಡುವಾಗ ಯಾವ ಊರು ಸಿಗುತ್ತದೆ ನೋಡಿಕೊಳ್ಳಿ.

ಇಷ್ಟಾದ ಮೇಲೂ ವಿದೇಶಿ ಕೋರ್ಸೇ ಬೇಕೆಂದರೆ

ಫೀಸು ಪೌಂಡಿನಲ್ಲೋ ಡಾಲರಿನಲ್ಲೋ ಇರುತ್ತದೆ. ಎರಡನೇ ವರ್ಷಕ್ಕೆ ರೂಪಾಯಿ ಲೆಕ್ಕ ಬದಲಾಗಬಹುದು. ಮಧ್ಯೆ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ ಎಂಬ ಪುಟವನ್ನು ಓದಿ, ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಸಮಯದ ಲೆಕ್ಕವನ್ನೂ ಹಾಕಿ. ಬ್ರಿಟನ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗಿ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ನಮ್ಮ ಸಂಜೆ 6.30ಕ್ಕಿದ್ದ ತರಗತಿ ನವೆಂಬರ್‌ನಲ್ಲಿ 7.30ಕ್ಕೆ ಹೋಗುತ್ತದೆ.

ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ ಮಳೆಗಾಲದಲ್ಲಿ ಬಂದರೆ ಕೊಪ್ಪ, ಶೃಂಗೇರಿ, ಕಳಸದವರಿಗೆ ಕಷ್ಟ. ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸಂಪರ್ಕ ಕಡಿದರೆ ಮತ್ತೆ ಅವಕಾಶ ಕೊಡುತ್ತೀರಾ ಎಂದು ವಿವಿಯನ್ನು ಸೇರುವಾಗಲೇ ಕೇಳಿ. ಕೊಡುವುದಿಲ್ಲ ಎಂದರೆ ಆ ದಿನಗಳ ಮಟ್ಟಿಗೆ ಹಾಸನ ಅಥವಾ ಚಿಕ್ಕಮಗಳೂರು ಪೇಟೆಯಲ್ಲಿರುವ ನೆಂಟರ ಮನೆಗೆ ಮೊದಲೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು.